ಕೀಮೋ ನಂತರ ಜಿ-ಸಿಎಸ್‌ಎಫ್: ಎರಡೇ ಡೋಸ್‌ಗೆ ಕೌಂಟ್ ಏರಿದರೆ ನಿಲ್ಲಿಸಬಹುದೇ?

ಪ್ರಶ್ನೆ:
ರೋಗಿಯ ತೂಕ 55 ಕೆ.ಜಿ. ಕೀಮೋ ಮುಗಿದ 48 ಗಂಟೆಗೆ ಫಿಲ್‌ಗ್ರಾಸ್ಟಿಮ್ (ಬಿಳಿ ರಕ್ತಕಣ ಹೆಚ್ಚಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು) 300 ಮೈಕ್ರೋಗ್ರಾಂ ಶುರುವಾಗಿದೆ, ಚರ್ಮದಡಿಗೆ, ದಿನಕ್ಕೊಂದು. ಐದು ದಿನಕ್ಕೆ ಬರೆದಿದ್ದಾರೆ. ಎರಡನೇ ಡೋಸ್ ಆದ ಮೇಲೆ ಟೋಟಲ್ ಕೌಂಟ್ (ಒಟ್ಟು ಬಿಳಿ ರಕ್ತಕಣ) 11,400. ಉಳಿದ ಮೂರು ಬೇಕೇ? ಸೊಂಟ, ತೊಡೆಯ ಮೂಳೆ ನೋವು ಬೇರೆ ವಿಪರೀತ.

ಉತ್ತರ 1:
ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಡೋಸ್ ಸರಿಯಿದೆ (ಕೆ.ಜಿ.ಗೆ 5 ಮೈಕ್ರೋಗ್ರಾಂ), ಆದರೆ ಈ ಏರಿಕೆ ನಂಬುವಂಥದ್ದಲ್ಲ. ಮೂಳೆ ಮಜ್ಜೆಯಲ್ಲಿ ಆಗಲೇ ಬಲಿತು ಕೂತಿದ್ದ ನ್ಯೂಟ್ರೋಫಿಲ್‌ಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು) ಜಿ-ಸಿಎಸ್‌ಎಫ್ ಮೊದಲ ಒಂದೆರಡು ದಿನದಲ್ಲೇ ರಕ್ತಕ್ಕೆ ತಳ್ಳುತ್ತದೆ. ಕಣಜದ್ದು ಅಂಗಳಕ್ಕೆ ಬಂದಿದೆ, ಹೊಸ ಬೆಳೆಯಲ್ಲ. ಕೀಮೋ ಏಟು ಬಿದ್ದಿರುವುದು ವಿಭಜನೆಯಾಗುತ್ತಿದ್ದ ಎಳೆ ಕೋಶಗಳಿಗೆ; ಆ ಕೊರತೆ ರಕ್ತದಲ್ಲಿ ಕಾಣುವುದು ಹೆಚ್ಚಾಗಿ ಕೀಮೋ ಆದ 7ರಿಂದ 14ನೇ ದಿನದೊಳಗೆ. ಕೌಂಟ್ ತಳ ಮುಟ್ಟಿ ಮತ್ತೆ ಏರಿದ ಮೇಲೆಯೇ ನಿಲ್ಲಿಸುವುದು. ಐದೇ ದಿನ ಎಂದು ಮೊದಲೇ ಗೆರೆ ಎಳೆಯುವುದೂ ನನಗೆ ಸರಿ ಕಾಣದು.

ಟೋಟಲ್ ಕೌಂಟ್ ನೋಡಿ ನೆಮ್ಮದಿಯಾಗಬೇಡಿ, ಎಎನ್‌ಸಿ (ನ್ಯೂಟ್ರೋಫಿಲ್‌ಗಳಷ್ಟರದೇ ಸಂಖ್ಯೆ) ಲೆಕ್ಕ ಹಾಕಿ. ಟೋಟಲ್ 1,200, ನ್ಯೂಟ್ರೋಫಿಲ್ 30%, ಬ್ಯಾಂಡ್ (ಇನ್ನೂ ಪೂರ್ತಿ ಬಲಿಯದ ನ್ಯೂಟ್ರೋಫಿಲ್) 5% ಇದ್ದರೆ ಎಎನ್‌ಸಿ 420. 500ಕ್ಕಿಂತ ಕೆಳಗಿದ್ದು ಜ್ವರ 38.3 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಉತ್ತರ 2:
ನೋವಿಗೆ ಪ್ಯಾರಸಿಟಮಾಲ್ ಸರಿ, ಆದರೆ ನುಂಗುವ ಮೊದಲು ಥರ್ಮಾಮೀಟರ್ ಇಡಿ. ಮಾತ್ರೆ ಜ್ವರವನ್ನು ಮುಚ್ಚಿಹಾಕುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಐಬುಪ್ರೊಫೆನ್ ಬೇಡ. ಲೊರಾಟಡಿನ್ (ಅಲರ್ಜಿ ಮಾತ್ರೆ) 10 ಮಿ.ಗ್ರಾಂ ಕೆಲವರಿಗೆ ಹಿಡಿಯುತ್ತದೆ, ಡಾಕ್ಟರನ್ನು ಕೇಳಿ. ಎಡ ಪಕ್ಕೆಲುಬಿನಡಿ ಅಥವಾ ಎಡ ಭುಜದ ತುದಿಯಲ್ಲಿ ನೋವು ಬಂದರೆ ಅದು ಮೂಳೆಯದ್ದೆಂದು ಸುಮ್ಮನಿರಬೇಡಿ, ಗುಲ್ಮ (ಸ್ಪ್ಲೀನ್) ಊದಿರಬಹುದು.

ಸಿರಿಂಜ್ 2–8 ಡಿಗ್ರಿಯಲ್ಲಿರಲಿ, ಫ್ರೀಜರ್‌ನಲ್ಲಲ್ಲ. ಕುಲುಕಬೇಡಿ. ಡ್ರಿಪ್‌ನಲ್ಲಿ ಕೊಡುವುದಾದರೆ 5% ಡೆಕ್ಸ್‌ಟ್ರೋಸ್ ಮಾತ್ರ. ಸಲೈನ್‌ಗೆ ಬೆರೆಸಿದರೆ ಪ್ರೋಟೀನ್ ಗರಣೆಗಟ್ಟಿ ಕೆಡುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಮುಂದಿನ ಕೀಮೋ ಸೈಕಲ್‌ಗೆ ಪೆಗ್ (ಪೆಗ್‌ಫಿಲ್‌ಗ್ರಾಸ್ಟಿಮ್, ಇದೇ ಮದ್ದಿನ ಹೆಚ್ಚು ದಿನ ಉಳಿಯುವ ರೂಪ) ಒಂದೇ ಸಾಕೇ? ಕೀಮೋ ದಿನವೇ ಹಾಕಿಸಿಕೊಂಡು ಊರಿಗೆ ಹೋಗಬಹುದೇ?

ಉತ್ತರ 3:
ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿ.ಗ್ರಾಂ, ಸೈಕಲ್‌ಗೆ ಒಂದೇ. ಇದನ್ನು ದೇಹದಿಂದ ತೆಗೆಯುವುದು ಮುಖ್ಯವಾಗಿ ನ್ಯೂಟ್ರೋಫಿಲ್‌ಗಳೇ. ಅವು ಕಡಿಮೆಯಿರುವಷ್ಟು ದಿನ ಮದ್ದು ರಕ್ತದಲ್ಲಿ ಉಳಿಯುತ್ತದೆ, ಕೌಂಟ್ ಏರಿದಂತೆ ಇಳಿಯುತ್ತದೆ.

ಕೀಮೋ ದಿನವೇ ಬೇಡ. ಜಿ-ಸಿಎಸ್‌ಎಫ್ ಎಳೆ ಕೋಶಗಳನ್ನು ವಿಭಜನೆಗೆ ಎಬ್ಬಿಸುತ್ತದೆ, ಕೀಮೋ ಕೊಲ್ಲುವುದು ವಿಭಜನೆಯಾಗುವ ಕೋಶಗಳನ್ನೇ. ಕನಿಷ್ಠ 24 ಗಂಟೆ ಬಿಡಿ. ಮುಂದಿನ ಕೀಮೋಗೆ 14 ದಿನ ಅಂತರವೂ ಬೇಕು, ಹಾಗಾಗಿ ವಾರವಾರದ ಕೀಮೋಗೆ ಪೆಗ್ ಹೊಂದುವುದಿಲ್ಲ. ಊರಿಗೆ ಹೋಗಲೇಬೇಕಿದ್ದರೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಒಯ್ದು (ಸಿರಿಂಜ್ ನೇರ ಐಸ್‌ಗೆ ತಾಗದಂತೆ ಬಟ್ಟೆ ಸುತ್ತಿ), ಮರುದಿನ ಅಲ್ಲಿನ ನರ್ಸ್ ಕೈಲಿ ಹಾಕಿಸಿ.