ಪದಚರ್ಚೆ: ಬಣ್ಣ ‘ಕಚ್ಚುವುದು’, ಬಣ್ಣ ‘ತಿರುಗುವುದು’

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋದ ಒಹಾಕಾ ರಾಜ್ಯದಲ್ಲಿ ತಿಯೋತಿತ್ಲಾನ್ ದೆಲ್ ವಾಯೆ ಅಂತ ಒಂದು ಊರಿದೆ. ಸಪೊಟೆಕ್ ನೇಕಾರರ ಊರು. ಅಲ್ಲಿ ಒಬ್ಬರ ಮನೆಯಲ್ಲಿ ಉಣ್ಣೆಗೆ ಗಿಡಗಳ ಬಣ್ಣ ಹಾಕುವುದನ್ನು ಕಲಿತು ಬಂದೆ. ಈಗ ನಮ್ಮ ಕಡೆಯ ಕಂಬಳಿ ನೇಯುವವರಿಗಾಗಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ಕೂತಿದ್ದೇನೆ.

ಮೊದಲನೆಯದು ಇದು. ಬಣ್ಣಕ್ಕೆ ಹಾಕುವ ಮೊದಲು ಉಣ್ಣೆಯನ್ನು ಪಟಿಕದ ನೀರಿನಲ್ಲಿ ಕಾಯಿಸುತ್ತಾರೆ. ಕ್ಷೌರ ಆದಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. ನೀಲಿಗೆ ಇದು ಬೇಡ. ಆದರೆ ಪೆರಿಕೋನ್ ಅನ್ನುವ, ಚೆಂಡುಹೂವಿನ ಜಾತಿಯ ಗಿಡದ ಹಳದಿ ನಿಲ್ಲಬೇಕಾದರೆ ಇದು ಬೇಕೇ ಬೇಕು. ಹೀಗೆ ಬಣ್ಣ ನಿಲ್ಲಿಸುವ ವಸ್ತುವಿಗೆ ಇಂಗ್ಲಿಷಿನಲ್ಲಿ ಮಾರ್ಡಂಟ್, ಸ್ಪ್ಯಾನಿಷಿನಲ್ಲಿ ಮೊರ್ದಿಯೆಂತೆ ಅಂತಾರೆ. ಎರಡರ ಮೂಲ ಅರ್ಥವೂ ‘ಕಚ್ಚುವಂಥದ್ದು’.

ಕನ್ನಡದಲ್ಲಿ ‘ವರ್ಣಬಂಧಕ’ ಅಂತ ಬರೆದದ್ದು ನೋಡಿದ್ದೇನೆ. ತಪ್ಪಲ್ಲ. ಆದರೆ ಕುದಿಯುವ ಹಂಡೆಯ ಮುಂದೆ ನಿಂತವರ ಬಾಯಿಗೆ ಬರುವ ಮಾತಲ್ಲ. ‘ಬಾಳೆಕಾಯಿ ಕರೆ ಸೀರೆಗೆ ಕಚ್ಚಿಕೊಂಡಿದೆ, ಎಷ್ಟು ಉಜ್ಜಿದರೂ ಹೋಗಲ್ಲ’ ಅಂತೀವಿ, ಅಲ್ವಾ? ಆ ‘ಕಚ್ಚು’ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಪಟಿಕ ಒಂದು ಬಗೆಯ ಉಪ್ಪು, ಹಾಗಾಗಿ ಮೊದಲು ‘ಕಚ್ಚುಪ್ಪು’ ಅಂತ ಬರೆದೆ. ಆಮೇಲೆ ಅಳಲೆಕಾಯಿ ನೆನಪಾಯಿತು. ಅದರ ಚೊಗರೂ ಬಣ್ಣ ಹಿಡಿಸುತ್ತದೆ, ಆದರೆ ಅದು ಉಪ್ಪಲ್ಲ. ಈಗ ‘ಕಚ್ಚುಮದ್ದು’ ಅಂತ ತಿದ್ದಿದ್ದೇನೆ. ಚುಚ್ಚುಮದ್ದು ಕೇಳಿದ ಕಿವಿಗೆ ಇದು ಕಷ್ಟ ಆಗಲಾರದು.

ಎರಡನೆಯದು ಜಾಸ್ತಿ ತೊಡಕಿನದು. ಪಾಪಾಸುಕಳ್ಳಿಯ ಮೇಲೆ ಕೊಚಿನೀಲ್ ಹುಳ ಸಾಕುತ್ತಾರೆ. ಒಣಗಿಸಿ, ಕಲ್ಲಿನ ಮೇಲೆ ಅರೆದರೆ ಕಡುಗೆಂಪು ಪುಡಿ. ಕಲಿಸಿದ ಅಮ್ಮ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನಿಂಬೆಹಣ್ಣು ಹಿಂಡಿದರು. ಕಿತ್ತಳೆಗೆಂಪು ಆಯಿತು. ಮೇಲೆ ಅಡುಗೆ ಸೋಡಾ ಉದುರಿಸಿದರು. ನೊರೆ ಬಂದು, ನೋಡುತ್ತಿದ್ದ ಹಾಗೇ ನೇರಳೆ!

ಇದು ಕಚ್ಚಿಸುವ ಕೆಲಸ ಅಲ್ಲ. ಇರುವ ಬಣ್ಣವನ್ನೇ ಬೇರೆ ಮಾಡುವುದು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿ ತಟ್ಟೆ ಕೆಂಪಾಗುವ ಹಾಗೆ. ಎರಡಕ್ಕೂ ಒಂದೇ ಪದ ಬಳಸಿದರೆ, ಓದಿದವರು ಪಟಿಕದ ಬದಲು ನಿಂಬೆರಸ ಹಾಕಿ ಉಣ್ಣೆ ಕೆಡಿಸಿಕೊಳ್ಳುತ್ತಾರೆ. ಮಾವಿನಕಾಯಿ ‘ಬಣ್ಣ ತಿರುಗಿದೆ’ ಅನ್ನುವುದನ್ನು ಹಿಡಿದು ‘ತಿರುಗುಮದ್ದು’ ಅನ್ನಬಹುದೇ? ನನಗೇ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಇಳಕಲ್, ಗುಳೇದಗುಡ್ಡದ ಕಡೆ ನೂಲಿಗೆ ಬಣ್ಣ ಹಾಕುವ ಮನೆಯವರು ಯಾರಾದರೂ ಇದ್ದರೆ, ದಯವಿಟ್ಟು ಹೇಳಿ. ನಿಮ್ಮ ಹಿರಿಯರು ಈ ಎರಡಕ್ಕೆ ಏನನ್ನುತ್ತಿದ್ದರು? ಹಳೆಯ ಪದ ಸಿಕ್ಕರೆ ನನ್ನ ಎರಡನ್ನೂ ಅಳಿಸಿ ಅದನ್ನೇ ಬರೆಯುತ್ತೇನೆ.