ಪದಚರ್ಚೆ: ‘ಸಸ್ಪೆಂಡೆಡ್ ಆನಿಮೇಷನ್’ – ಫಲಕದ ತಲೆಬರಹಕ್ಕೆ ಕನ್ನಡ ಪದ ಬೇಕಾಗಿದೆ

ಮಾನ್ಯರೇ,

ವೈದ್ಯವಿಜ್ಞಾನದ ಪ್ರದರ್ಶನವೊಂದರ ವಿವರಣಾ ಫಲಕಗಳನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅವು ಮುದ್ರಣಕ್ಕೆ ಹೋಗಬೇಕು. ಒಂದು ಫಲಕದ ತಲೆಬರಹ ‘ಸಸ್ಪೆಂಡೆಡ್ ಆನಿಮೇಷನ್’ (ಪದಶಃ ‘ತಡೆಹಿಡಿದ ಚೇತನ’) ಎಂದಿದೆ. ಗುಂಡೇಟಿನಿಂದಲೋ ಇರಿತದಿಂದಲೋ ರಕ್ತ ಸೋರಿಹೋಗಿ ಹೃದಯ ನಿಂತ ಗಾಯಾಳುವಿನ ಮಹಾಪಧಮನಿಗೆ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳಕ್ಕೆ) ಕೊರೆಯುವಷ್ಟು ತಣ್ಣಗಿನ ಲವಣದ್ರಾವಣವನ್ನು ಹರಿಸಿ, ದೇಹದ ತಾಪವನ್ನು 10ರಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಗಾಯವನ್ನು ಸರಿಪಡಿಸಲು ಶಸ್ತ್ರವೈದ್ಯರಿಗೆ ಸುಮಾರು ಎರಡು ಗಂಟೆಗಳ ಅವಕಾಶ ದೊರಕಿಸಿ, ಆಮೇಲೆ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ರಕ್ತ ಹರಿಸಿ ಮೈಯನ್ನು ಮತ್ತೆ ಬೆಚ್ಚಗಾಗಿಸುವ ಪ್ರಯೋಗವನ್ನು ಆ ಫಲಕ ವಿವರಿಸುತ್ತದೆ. ‘ಜೀವಸ್ತಂಭನ’, ‘ನಿಲಂಬಿತ ಚೇತನ’ ಎಂಬ ಎರಡು ಪದಗಳು ನನಗೆ ಹೊಳೆದಿವೆ. ‘ಹೈಪೊಥರ್ಮಿಯಾ’ (ಮೈಯ ತಾಪ ಸಹಜಕ್ಕಿಂತ ತೀರ ಕೆಳಗಿಳಿಯುವುದು) ಬಂದಲ್ಲಿ ‘ಲಘೂಷ್ಣತೆ’ ಎಂದು ಬರೆದಿದ್ದೇನೆ. ತಲೆಬರಹ ಎರಡು ಪದಗಳನ್ನು ಮೀರುವಂತಿಲ್ಲ. ದಯವಿಟ್ಟು ಸೂಚಿಸಿ.

ಮೊದಲ ಉತ್ತರ:

‘ನಿಲಂಬಿತ’ ಹಿಂದಿ ಕಚೇರಿಗಳ ಪದ, ಅದನ್ನು ಅಲ್ಲಿಯೇ ಬಿಡಿ. ‘ಆನಿಮೇಷನ್’ ಎಂಬುದನ್ನು ಕೆಲವರು ನಮ್ಮ ‘ಅನಿಮೇಷ’ದೊಂದಿಗೆ ಗಂಟುಹಾಕುತ್ತಾರೆ; ಅದು ರೆಪ್ಪೆ ಬಡಿಯದವನು ಎಂಬ ಅರ್ಥದ ಬೇರೆಯೇ ಪದ. ಲ್ಯಾಟಿನ್ನಿನ ‘ಆನಿಮ’ ಎಂದರೆ ಉಸಿರು. ಉಸಿರಾಡು ಎಂಬ ಅರ್ಥದ ಸಂಸ್ಕೃತದ ‘ಅನ್’ ಧಾತುವಿಗೆ ಅದು ದಾಯಾದಿ, ಆ ಧಾತುವಿನ ಹಿಂದೆ ‘ಪ್ರ’ ಬಂದರೆ ‘ಪ್ರಾಣ’. ಆದ್ದರಿಂದ ‘ಪ್ರಾಣಸ್ತಂಭನ’ ಎಂಬುದೇ ಬೇರಿಗೆ ಬೇರು ಹೊಂದುವ ಪದ. ಇದರ ಮೇಲೆ ಚರ್ಚೆ ಬೆಳೆಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯ ಉತ್ತರ:

ಬೇರು ಹೊಂದಿದರೆ ಸಾಲದು, ಓದುವವನಿಗೆ ತಪ್ಪು ತಿಳಿವಳಿಕೆ ಆಗಬಾರದು. ‘ಹೃದಯಸ್ತಂಭನ’ ಎಂಬ ಪದವನ್ನು ಪತ್ರಿಕೆಗಳು ಸಾವಿನ ಸುದ್ದಿಯಲ್ಲಿ ಬಳಸಿ ಬಳಸಿ ‘ಸ್ತಂಭನ’ಕ್ಕೆ ಸಾವಿನ ವಾಸನೆ ಹತ್ತಿದೆ (ಮಂತ್ರವಾದದ ಷಟ್ಕರ್ಮಗಳಲ್ಲಿ ಅದೂ ಒಂದು ಎಂಬುದನ್ನು ಸದ್ಯಕ್ಕೆ ಬಿಡೋಣ). ‘ಪ್ರಾಣಸ್ತಂಭನ’ ಎಂದು ಓದಿದವನು ರೋಗಿ ತೀರಿಕೊಂಡನೆಂದೇ ತಿಳಿಯುತ್ತಾನೆ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಗಾಯ ಹೊಲಿಯಲು ಸಾಧ್ಯವಿದ್ದರೂ ರಕ್ತಸ್ರಾವದಿಂದ ಕೆಲವೇ ನಿಮಿಷಗಳಲ್ಲಿ ಸಾಯುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ವೈದ್ಯ ಪೀಟರ್ ಸಫರ್ ಮತ್ತು ಅಲ್ಲಿನ ಸೇನಾ ವೈದ್ಯ ರೊನಾಲ್ಡ್ ಬೆಲ್ಲಮಿ 1980ರ ದಶಕದಲ್ಲಿ ಈ ಕಲ್ಪನೆಯನ್ನು ಮುಂದಿಟ್ಟಾಗ ‘ಸಸ್ಪೆಂಡೆಡ್ ಆನಿಮೇಷನ್’ ಎಂದೇ ಕರೆದಿದ್ದರು. ಆದರೆ ಪಿಟ್ಸ್‌ಬರ್ಗ್‌ನಲ್ಲಿ ಮನುಷ್ಯರ ಮೇಲಿನ ಪ್ರಯೋಗವನ್ನು ಆರಂಭಿಸಿ ಮುಂದೆ ಬಾಲ್ಟಿಮೋರ್‌ನಲ್ಲಿ ಅದನ್ನು ಮುಂದುವರಿಸಿದ ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಟಿಶರ್‌ಮನ್ ಅವರು, ಆ ಹೆಸರು ವಿಜ್ಞಾನ ಕಾದಂಬರಿಯಂತೆ ಕೇಳಿಸುತ್ತದೆಂಬ ಕಾರಣಕ್ಕೆ ಅದನ್ನು ಕೈಬಿಟ್ಟು, ‘ಎಮರ್ಜೆನ್ಸಿ ಪ್ರಿಸರ್ವೇಷನ್ ಅಂಡ್ ರಿಸಸಿಟೇಷನ್’ (ತುರ್ತು ಸಂರಕ್ಷಣೆ ಮತ್ತು ಪುನಶ್ಚೇತನ) ಎಂದು ಕರೆದರು. ಅಲ್ಲಿನ ಸಂಶೋಧಕರೇ ಬಿಟ್ಟ ಹೆಸರಿನ ಧಾತುವನ್ನು ಇಲ್ಲಿ ನಾವು ಅಗೆಯುತ್ತಾ ಕುಳಿತಿದ್ದೇವೆ.

ಈ ವಿಧಾನದಲ್ಲಿ ವೈದ್ಯರು ಹೃದಯವನ್ನು ನಿಲ್ಲಿಸುವುದಿಲ್ಲ, ಅದು ಆಗಲೇ ನಿಂತಿರುತ್ತದೆ. ಮಹಾಪಧಮನಿಯ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಮೊದಲು ಮೈಯನ್ನು 18–20 ಡಿಗ್ರಿಯವರೆಗೆ ತಣ್ಣಗಾಗಿಸಿ ಆಮೇಲೆ ರಕ್ತಪರಿಚಲನೆಯನ್ನು ನಿಲ್ಲಿಸುವುದು ಎಷ್ಟೋ ಕಾಲದಿಂದ ನಡೆದುಬಂದ ಕ್ರಮ. ಇಲ್ಲಿ ಆ ಕ್ರಮ ತಲೆಕೆಳಗಾಗಿದೆ. ಸಹಜ ತಾಪದಲ್ಲಿ ಆಮ್ಲಜನಕವಿಲ್ಲದೆ ಐದು ನಿಮಿಷ ಕಳೆಯುವಷ್ಟರಲ್ಲಿ ಮಿದುಳಿಗೆ ಹಾನಿ ತಟ್ಟತೊಡಗುತ್ತದೆ. ತಾಪ ಒಂದೊಂದು ಡಿಗ್ರಿ ಇಳಿದಂತೆ ಜೀವಕೋಶಗಳ ಚಯಾಪಚಯ ಸುಮಾರು 6–7 ಶೇಕಡಾದಷ್ಟು ತಗ್ಗುವುದರಿಂದ, 10 ಡಿಗ್ರಿಯಲ್ಲಿ ಮಿದುಳಿಗೆ ಬೇಕಾಗುವ ಆಮ್ಲಜನಕ ಅತ್ಯಲ್ಪ. ಅಂದರೆ ಇಲ್ಲಿ ವೈದ್ಯರು ತಡೆಯುತ್ತಿರುವುದು ಕೇಡನ್ನು, ಪ್ರಾಣವನ್ನಲ್ಲ. ‘ತುರ್ತು ಜೀವಸಂರಕ್ಷಣೆ’ ಎಂದು ಬರೆಯಿರಿ, ಎರಡೇ ಪದ.

ಮೂರನೆಯ ಉತ್ತರ:

ಇಷ್ಟುದ್ದದ ಪಾಠದ ಕೊನೆಗೆ ಸಿಕ್ಕಿದ್ದು ಮತ್ತೊಂದು ಸಂಸ್ಕೃತ ಸಮಾಸ. ‘ಲಘು’ ಎಂದರೆ ಹಗುರ, ಕಾವಿಗೆ ತೂಕವಿದೆಯೇ? ಕನ್ನಡದ ಬೇರುಗಳಿಂದಲೇ ಪದ ಕಟ್ಟಬಹುದು. ‘ಹೈಪೊಥರ್ಮಿಯಾ’ಕ್ಕೆ ‘ಮೈತಣಿವು’, ತಲೆಬರಹಕ್ಕೆ ‘ಉಸಿರ್ತಡೆ’. ಸಂಸ್ಕೃತದಿಂದ ಎರವಲು ತರುವುದು ಪಾಂಡಿತ್ಯ, ಇಂಗ್ಲಿಷಿನಿಂದ ತರುವುದು ಸೋಮಾರಿತನ ಎಂಬ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ. ಎರಡೂ ಎರವಲೇ. ಮಹಾಪ್ರಾಣಗಳ ಹೊರೆ ಕಳೆದರೆ ಓದುವವರಿಗೂ ಹಗುರ.

ಮೊದಲ ಉತ್ತರ ಬರೆದವರಿಂದ:

ಮಹಾಪ್ರಾಣವೇ ಬೇಡವೆನ್ನುವವರಿಗೆ ಪ್ರಾಣದ ವಿಷಯದಲ್ಲಿ ಇಷ್ಟೊಂದು ಕಾಳಜಿ ಹುಟ್ಟಿದ್ದು ಸಂತೋಷ. ‘ತಣಿವು’ ಎಂದರೆ ತೃಪ್ತಿ. ರಕ್ತ ಬಸಿದು ಮಲಗಿದವನಿಗೆ ‘ಮೈತಣಿವು’ ಆಗಿದೆಯೆಂದು ಬರೆದರೆ ಓದುವವರು ಏನೆಂದುಕೊಂಡಾರು? ‘ಉಸಿರ್ತಡೆ’ ಎಂದರೆ ಕತ್ತು ಹಿಸುಕಿದಂತೆ ಕೇಳಿಸುತ್ತದೆ. ಇನ್ನು ಎರಡನೆಯ ಉತ್ತರದ ‘ತುರ್ತು’ ಉತ್ತರ ಭಾರತದ ಭಾಷೆಗಳಿಂದ ಬಂದದ್ದು ಎಂಬುದನ್ನೂ ಶುದ್ಧಿವಾದಿಗಳ ಗಮನಕ್ಕೆ ತರುತ್ತೇನೆ.

ನಾಲ್ಕನೆಯ ಉತ್ತರ:

ಯಾರೂ ‘ಅಮಾನತು’ ಪದವನ್ನು ಎತ್ತಲಿಲ್ಲವೆಂಬುದು ನನಗೆ ಆಶ್ಚರ್ಯ. ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೆ ನಾವು ಅದನ್ನು ಬಳಸುತ್ತೇವಾದರೂ, ಮೂಲದ ಅರಬಿಯಲ್ಲಿ ಅದರ ಅರ್ಥ ನಂಬಿ ಒಪ್ಪಿಸಿದ, ಮರಳಿ ಪಡೆಯಬೇಕಾದ ವಸ್ತು. ಮರಳಿ ಕೊಡಲೇಬೇಕೆಂಬ ಹೊಣೆ ಆ ಪದದೊಳಗೇ ಇದೆ. ‘ಅಮಾನತಿನಲ್ಲಿಟ್ಟ ಜೀವ’ ಎಂದರೆ ಇಂಗ್ಲಿಷಿನ ‘ಸಸ್ಪೆಂಡೆಡ್’ಗಿಂತ ಒಳ್ಳೆಯ ಅರ್ಥ ಬರುತ್ತದೆ.

ಎರಡನೆಯ ಉತ್ತರ ಬರೆದವರಿಂದ:

ಅರ್ಥ ಸೊಗಸಾಗಿದೆ, ಫಲಕ ಓದಿದವರು ಮಾತ್ರ ಇಲಾಖಾ ವಿಚಾರಣೆ ಎಲ್ಲಿ ಎಂದು ಹುಡುಕುತ್ತಾರೆ.

‘ಲಘೂಷ್ಣತೆ’ಯ ಬಗ್ಗೆ ಒಂದು ಎಚ್ಚರಿಕೆ. ದೇಹದ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. 1999ರಲ್ಲಿ ನಾರ್ವೆಯಲ್ಲಿ ಹೊಳೆಯ ಮಂಜುಗಡ್ಡೆಯಡಿ ಸಿಲುಕಿ, 13.7 ಡಿಗ್ರಿಗೆ ಇಳಿದು ಬದುಕುಳಿದ ವೈದ್ಯೆ ಆನಾ ಬೋಗೆನ್‌ಹೋಮ್ ಅವರದ್ದು ಆಕಸ್ಮಿಕ. ನಿಂತ ಹೃದಯ ಮತ್ತೆ ಮಿಡಿಯತೊಡಗಿದರೂ ಪ್ರಜ್ಞೆ ಬಾರದವರನ್ನು 32–34 ಡಿಗ್ರಿಯಲ್ಲಿ ಇಡುತ್ತಿದ್ದುದು ಚಿಕಿತ್ಸೆ; 2002ರ ಅಧ್ಯಯನಗಳು ಅದಕ್ಕೆ ಬಲ ಕೊಟ್ಟವು, 2021ರ ದೊಡ್ಡ ಅಧ್ಯಯನದಲ್ಲಿ 33 ಡಿಗ್ರಿಗೆ ಇಳಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ಫಲಕದ 10–15 ಡಿಗ್ರಿ ಈ ಎರಡಕ್ಕೂ ಸೇರದ ಮೂರನೆಯದು. ಮೂರಕ್ಕೂ ಒಂದೇ ‘ಲಘೂಷ್ಣತೆ’ಯನ್ನು ಹಚ್ಚಿದರೆ, 33 ಡಿಗ್ರಿಯ ಸೋಲನ್ನು ಓದಿದವರು ಇದೂ ಸೋತಿದೆಯೆಂದು ತಿಳಿಯುತ್ತಾರೆ. ಹೈಪೊಥರ್ಮಿಯಾ ಎಂದೇ ಬರೆದು ಮುಂದೆ ಡಿಗ್ರಿ ಕೊಡಿ. ‘ಪ್ರಯೋಗ’ ಎಂಬ ಪದವನ್ನು ಮಾತ್ರ ಎಲ್ಲಿಯೂ ತೆಗೆಯಬೇಡಿ. 2019ರಲ್ಲಿ ಟಿಶರ್‌ಮನ್ ತಿಳಿಸಿದ್ದು ಕನಿಷ್ಠ ಒಬ್ಬ ರೋಗಿಯನ್ನು ಈ ಸ್ಥಿತಿಗೆ ಒಯ್ಯಲಾಗಿದೆ ಎಂಬುದನ್ನಷ್ಟೇ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ತಲೆಬರಹ ‘ತುರ್ತು ಜೀವಸಂರಕ್ಷಣೆ’. ಅದರ ಕೆಳಗೆ, ‘ಹೃದಯ ನಿಂತ ಗಾಯಾಳುವಿನ ಮೈಯನ್ನು 10–15 ಡಿಗ್ರಿಗೆ ತಂಪಾಗಿಸಿ ಶಸ್ತ್ರಚಿಕಿತ್ಸೆಗೆ ಸಮಯ ಗಳಿಸುವ ಪ್ರಯೋಗ’ ಎಂಬ ಸಾಲು ಇರುತ್ತದೆ. ಹೈಪೊಥರ್ಮಿಯಾ ಹಾಗೆಯೇ ಉಳಿಯುತ್ತದೆ.

ಮೂರನೆಯ ಉತ್ತರ ಬರೆದವರಿಂದ:

ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುವುದಾಗಿದ್ದರೆ ಕೇಳುವ ಅಗತ್ಯವೇ ಇರಲಿಲ್ಲ.

ಮೊದಲ ಉತ್ತರ ಬರೆದವರಿಂದ:

ಅದು ಗ್ರೀಕ್.