ಮಳೆಗಾಲದ ಆಪತ್ತು ಮತ್ತು ದೇವರ ಮನೆ: ಸಿದ್ಧತೆಯ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ಮೂಡಿಗೆರೆ ತಾಲ್ಲೂಕು):

ನಮಸ್ಕಾರ. ನಮ್ಮದು ಗುಡ್ಡದ ಓರೆಯಲ್ಲಿರುವ ಹಳೆಯ ಹೆಂಚಿನ ಮನೆ. ಹಿಂದೆ ಎತ್ತರದ ಧರೆ (ಕಡಿದಾದ ಮಣ್ಣಿನ ದಿಬ್ಬ), ಕೆಳಗೆ ಹಳ್ಳ, ಸುತ್ತ ಕಾಫಿ ತೋಟ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಮಳೆ ಜೋರಾದ ರಾತ್ರಿಗಳಲ್ಲಿ ನಮಗೆ ನಿದ್ದೆ ಬರುವುದಿಲ್ಲ. ಮಾವನವರಿಗೆ ಎಂಬತ್ತು ದಾಟಿದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಮನೆಯಲ್ಲಿ ತಲೆಮಾರುಗಳಿಂದ ಬಂದ ಸಾಲಿಗ್ರಾಮಗಳಿದ್ದು, ಅವರು ಒಂದು ದಿನವೂ ಪೂಜೆ ತಪ್ಪಿಸಿದವರಲ್ಲ. ಸ್ಥಳಾಂತರದ ಮಾತೆತ್ತಿದರೆ, “ದೇವರನ್ನು ಬಿಟ್ಟು ಹೊಸ್ತಿಲು ದಾಟುವುದಿಲ್ಲ, ಕಾಳಜಿ ಕೇಂದ್ರದ ಊಟವನ್ನೂ ಮುಟ್ಟುವುದಿಲ್ಲ” ಎನ್ನುತ್ತಾರೆ. ಅವರ ಮನಸ್ಸನ್ನು ನೋಯಿಸದೆ ನಾವು ಹೇಗೆ ಸಿದ್ಧರಾಗಬೇಕು?

ಉತ್ತರ (ವಿಪತ್ತು ನಿರ್ವಹಣೆಯ ತರಬೇತುದಾರ, ಹಾಸನ):

ತಾಯಿ, ತಮ್ಮ ಮಾವನವರು ಹೇಳುವುದರಲ್ಲಿ ಅರ್ಧ ನ್ಯಾಯವಿದೆ. ದೇವರನ್ನು ಬಿಟ್ಟು ಹೊರಡಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಮಠಾಧಿಪತಿಗಳು ಸಂಚಾರಕ್ಕೆ ಹೊರಟಾಗ ಸಂಸ್ಥಾನದ ದೇವರು ಪೆಟ್ಟಿಗೆಯಲ್ಲಿ ಅವರ ಜೊತೆಗೇ ಹೊರಡುತ್ತಾರೆ, ಬಿಡಾರ ಮಾಡಿದ ಊರಿನಲ್ಲೇ ಪೂಜೆ ನಡೆಯುತ್ತದೆ. ಸಾಲಿಗ್ರಾಮವೂ ಹಾಗೆ ಸಂಪುಟದಲ್ಲಿ ಬರಬಲ್ಲ ದೇವರೇ. ಆದ್ದರಿಂದ “ಮನೆ ಬಿಡೋಣ” ಎಂದು ಮಾತು ಶುರು ಮಾಡಬೇಡಿ. “ದೇವರನ್ನು ಕರೆದುಕೊಂಡು ಹೊರಡಬೇಕಾದರೆ ಏನೇನು ಬೇಕು, ಹೇಳಿ” ಎಂದು ಕೇಳಿ, ಸಂಪುಟ ಸಿದ್ಧಪಡಿಸುವ ಕೆಲಸವನ್ನು ಅವರಿಗೇ ಒಪ್ಪಿಸಿ. ನನ್ನ ಅನುಭವದಲ್ಲಿ ಹಿರಿಯರು ಹಟ ಹಿಡಿಯುವುದು ಹೆಚ್ಚಾಗಿ ತಮ್ಮನ್ನು ಸಾಮಾನಿನಂತೆ ಎತ್ತಿಕೊಂಡು ಹೋಗುತ್ತಾರೆ ಎನ್ನಿಸಿದಾಗ.

ಸಂಪುಟದಲ್ಲಿ ಸಾಲಿಗ್ರಾಮಗಳು, ಒಂದು ಪಂಚಪಾತ್ರೆ, ಉದ್ಧರಣೆ, ಗಂಧದ ತುಂಡು, ಒಣಗಿಸಿದ ತುಳಸಿ, ಒಂದು ಮಡಿ ಪಂಚೆ ಇಷ್ಟಿದ್ದರೆ ಸಾಕು. ದೊಡ್ಡ ವಿಗ್ರಹ, ಗೋಡೆಯ ಪಟ, ಬೆಳ್ಳಿಯ ಮಂಟಪ ಮನೆಯಲ್ಲೇ ಇರಲಿ. ಸಂಪುಟ ಹಿಡಿಯುವವರು ಬೇರೆ, ಮಾವನವರ ಕೈ ಹಿಡಿಯುವವರು ಬೇರೆ ಎಂಬುದನ್ನು ಮೊದಲೇ ಗೊತ್ತುಮಾಡಿ. ಹಾವಸೆ ಕಟ್ಟಿದ ಮೆಟ್ಟಿಲಿನಲ್ಲಿ ಒಬ್ಬರೇ ಎರಡನ್ನೂ ಹಿಡಿದು ಇಳಿಯಲಾಗದು.

ಇನ್ನು ಯಾವಾಗ ಹೊರಡಬೇಕೆಂಬುದು. ಇದನ್ನು ಆ ರಾತ್ರಿಯ ಚರ್ಚೆಗೆ ಬಿಡಲೇಬಾರದು. ಮೃಗಶಿರ ಮಳೆ ಹಿಡಿಯುವ ಮೊದಲೇ ಮನೆಯವರೆಲ್ಲ ಕುಳಿತು ತೀರ್ಮಾನಿಸಿ, ಬರೆದಿಟ್ಟುಕೊಳ್ಳಿ. ಧರೆಯ ಮೇಲೆ ಅಥವಾ ಅಂಗಳದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಸಿಲ್ವರ್ ಮರ ಅಥವಾ ವಿದ್ಯುತ್ ಕಂಬ ವಾಲಿರುವುದು, ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯುವುದು, ಹಿಂದೆಂದೂ ಇಲ್ಲದ ಕಡೆ ಜಲ ಏಳುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಏಕಾಏಕಿ ಇಳಿಯುವುದು ಅಥವಾ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುವುದು, ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಹಳ್ಳದ ನೀರು ಇಳಿದರೆ ಸಮಾಧಾನಪಡುವವರೇ ಹೆಚ್ಚು, ಆದರೆ ಮೇಲೆಲ್ಲೋ ಮಣ್ಣು ಮರಗಳು ಬಿದ್ದು ನೀರು ಕಟ್ಟಿಕೊಂಡಿರಬಹುದು, ಆ ಕಟ್ಟೆ ಒಡೆದರೆ ಓಡುವುದಕ್ಕೆ ಸಮಯವಿರುವುದಿಲ್ಲ. ಹವಾಮಾನ ಇಲಾಖೆಯು ರೆಡ್ ಅಲರ್ಟ್ ಕೊಟ್ಟ ದಿನ ಲಕ್ಷಣಗಳಿಗಾಗಿ ಕಾಯದೆ ಬೆಳಕಿರುವಾಗಲೇ ಹೊರಟುಬಿಡಿ. 24 ಗಂಟೆಗಳಲ್ಲಿ 204.4 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುವುದನ್ನು ಇಲಾಖೆಯು ಅತ್ಯಂತ ಭಾರೀ ಮಳೆ ಎಂದು ಕರೆಯುತ್ತದೆ. ವಾರಗಟ್ಟಲೆ ನೆನೆದ ಧರೆಯಾದರೆ ಅಷ್ಟು ಮಳೆಯೂ ಬೇಕಾಗುವುದಿಲ್ಲ.

ನಮ್ಮ ಹಿರಿಯರ ಮಳೆ ಲೆಕ್ಕದಲ್ಲಿ ಪುಷ್ಯ ಮತ್ತು ಆಶ್ಲೇಷ, ಅಂದರೆ ಸುಮಾರು ಜುಲೈ 20ರಿಂದ ಆಗಸ್ಟ್ ನಡುವಿನವರೆಗೆ, ವಿಶೇಷ ಎಚ್ಚರ ಬೇಕು. ನಿಮ್ಮ ತಾಲ್ಲೂಕಿನ 2019ರ ಕುಸಿತ, 2020ರ ಆಗಸ್ಟ್‌ನ ತಲಕಾವೇರಿಯ ದುರಂತ, 2024ರ ಜುಲೈ 30ರ ನಸುಕಿನ ವಯನಾಡಿನ ದುರಂತ, ಈ ಮೂರೂ ಆ ಅವಧಿಯಲ್ಲೇ ಸಂಭವಿಸಿದವು. ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿದಾಗ ಮಣ್ಣಿನಡಿ ಹೋದದ್ದು ಅರ್ಚಕರ ಮನೆಗಳು. ಕ್ಷೇತ್ರದ ಪ್ರಧಾನ ಅರ್ಚಕರೂ ಮನೆಯವರೂ ತೀರಿಕೊಂಡರು. “ದೇವರಿದ್ದಾನೆ, ನಮಗೇನೂ ಆಗದು” ಎನ್ನುವವರ ಮುಂದೆ ಇದನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ, ಏಕೆಂದರೆ ಅವರಿಗಿಂತ ಹೆಚ್ಚು ಶ್ರದ್ಧೆಯಿಂದ ಆ ನದೀಮೂಲವನ್ನು ಪೂಜಿಸಿದವರು ಯಾರಿದ್ದರು?

ಮಾವನವರ ಚೀಲದಲ್ಲಿ ಔಷಧಿ ಚೀಟಿಯ ನಕಲು, ಎರಡು ವಾರಕ್ಕಾಗುವಷ್ಟು ಮಾತ್ರೆ, ಇನ್ಸುಲಿನ್, ಸಿರಿಂಜು, ಗ್ಲುಕೋಮೀಟರ್, ಕನ್ನಡಕ, ಸಕ್ಕರೆ ಅಂಶ ಕುಸಿದರೆ ತಕ್ಷಣ ಕೊಡಲು ಬೆಲ್ಲ ಅಥವಾ ಸಕ್ಕರೆ ಇರಲಿ. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆ ಸಾಮಾನ್ಯವಾಗಿ ನಾಲ್ಕು ವಾರ ತಣ್ಣನೆಯ ಕೋಣೆಯಲ್ಲಿ ಕೆಡದೆ ಉಳಿಯುತ್ತದೆ, ಆದ್ದರಿಂದ ಕರೆಂಟು ಹೋಯಿತೆಂದು ಗಾಬರಿಯಿಂದ ಅದನ್ನು ಮಂಜುಗಡ್ಡೆಯ ನಡುವೆ ಹೂತಿಡಬೇಡಿ. ಹೆಪ್ಪುಗಟ್ಟಿದರೆ ಅದು ನಿಷ್ಪ್ರಯೋಜಕ. ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳ ನಕಲು ನೀರು ತಾಗದ ಚೀಲದಲ್ಲಿರಲಿ. ಟಾರ್ಚು, ಪವರ್ ಬ್ಯಾಂಕು, ಹೊದಿಕೆಗಳ ವಿಷಯ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ (ಅದೇ ಗೃಹಿಣಿ):

ತುಂಬಾ ಉಪಕಾರವಾಯಿತು ಸರ್. ಆದರೆ ಊಟದ ಮಾತು ಉಳಿಯಿತು. ಮಡಿ ಇಲ್ಲದೆ ಬೇಯಿಸಿದ ಅನ್ನ ಎಂದು ಅವರು ಉಪವಾಸ ಕುಳಿತರೆ ಏನು ಮಾಡುವುದು? ಏಕಾದಶಿಯೂ ಆ ದಿನಗಳಲ್ಲೇ ಬಂದರೆ?

ಉತ್ತರ:

ಇನ್ಸುಲಿನ್ ತೆಗೆದುಕೊಂಡವರು ಊಟ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪುವ ಅಪಾಯವಿದೆ. ಇದು ವೈದ್ಯರ ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಡೋಸಿನ ಬಗ್ಗೆ ಮಳೆಗಾಲಕ್ಕೆ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಶಾಸ್ತ್ರದ ಮಾತಿಗೆ ನಿಮ್ಮ ಪುರೋಹಿತರೇ ಪ್ರಮಾಣ, ನಾನಲ್ಲ. ಆದರೂ ಅವರೊಡನೆ ಮಾತನಾಡುವಾಗ ನೆನಪಿಸಬಹುದಾದ ಒಂದು ಪ್ರಸಂಗವಿದೆ. ಛಾಂದೋಗ್ಯ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ ಕುರುದೇಶದ ಬೆಳೆ ಹಾಳಾಗಿ ಹಸಿವಿನಿಂದ ಕಂಗೆಟ್ಟ ಉಷಸ್ತಿ ಚಾಕ್ರಾಯಣನೆಂಬ ಋಷಿ, ಆನೆಗಳನ್ನು ಸಾಕುವವರ ಊರಿಗೆ ಬಂದು, ಒಬ್ಬನು ತಿನ್ನುತ್ತಿದ್ದ ಕಾಳನ್ನೇ ಬೇಡುತ್ತಾನೆ. ಇದು ಎಂಜಲು, ಬೇರೆ ಇಲ್ಲ ಎಂದರೂ ಕೊಡು ಎಂದು ತಿನ್ನುತ್ತಾನೆ. ಆಮೇಲೆ ಅವನು ನೀರು ಕೊಡಬಂದಾಗ ಮಾತ್ರ, ಎಂಜಲು ನೀರು ಬೇಡ ಎನ್ನುತ್ತಾನೆ. ಕಾಳು ಎಂಜಲಾಗಿರಲಿಲ್ಲವೇ ಎಂದು ಕೇಳಿದರೆ, ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದಲ್ಲಿ ಸಿಗುತ್ತದೆ ಎಂಬುದು ಅವನ ಉತ್ತರ. ಆಪತ್ತಿನಲ್ಲಿ ಎಷ್ಟು ಸಡಿಲಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಎರಡೂ ಅಳತೆಗಳು ಆ ಒಂದು ಪ್ರಸಂಗದಲ್ಲಿವೆ. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಉಪಪರ್ವವಿದೆ. ಏಕಾದಶಿಯ ವಿಷಯದಲ್ಲಂತೂ ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧಿ ಎಂಬ ಎಂಟರಿಂದ ವ್ರತಭಂಗವಾಗದೆಂಬ ಶ್ಲೋಕ ವೈದಿಕರಿಗೆಲ್ಲ ತಿಳಿದದ್ದೇ.

ಅಷ್ಟರವರೆಗೂ ಹೋಗದಂತೆ ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಹಾಲಿನ ಪುಡಿ, ಒಂದು ಚಿಕ್ಕ ಪಾತ್ರೆ, ಅವರದೇ ತಟ್ಟೆ ಲೋಟಗಳನ್ನು ಚೀಲದಲ್ಲಿಡಿ. ಮೊಸರೋ ಹಾಲೋ ಸಿಕ್ಕರೆ ಅವಲಕ್ಕಿ ಕಲಸಿ ಕೊಡಬಹುದು. ಕುಡಿಯುವ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಮರಳಿಸಿಯೇ ಬಳಸಿ. ಪ್ರವಾಹದ ನಂತರ ಮನೆಯ ಬಾವಿಯ ನೀರನ್ನೂ, ಅಭಿಷೇಕದ ತೀರ್ಥಕ್ಕೆ ಬಳಸುವುದಾದರೂ, ಹಾಗೆಯೇ ಮಾಡಿ. ತೀರ್ಥದ ನೀರಿಗೆ ಈ ಮಾತು ಅನ್ವಯಿಸದು ಎಂದುಕೊಳ್ಳುವವರು ಇರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಸಕಲೇಶಪುರ):

ನಾವು ವೀರಶೈವರು. ಇಷ್ಟಲಿಂಗ ಮೈಮೇಲೇ ಇರುವುದರಿಂದ ಮೇಲಿನ ಚಿಂತೆ ನಮಗಿಲ್ಲ. ಆದರೆ ನಮ್ಮ ಮನೆಯ ಗದ್ದುಗೆಯ ಮುಂದೆ ನಂದಾದೀಪವಿದೆ, ಕೊಟ್ಟಿಗೆಯಲ್ಲಿ ದನಗಳಿವೆ. ದೀಪವನ್ನು ಉರಿಯಲು ಬಿಟ್ಟು ಹೋಗಬಹುದೆ? ದನಗಳನ್ನು ಕಟ್ಟಿಹಾಕಿ ಹೋಗುವುದು ಪಾಪವೆನಿಸುತ್ತದೆ.

ಉತ್ತರ:

ಮೇಷ್ಟ್ರೇ, ದೀಪವನ್ನು ಬಿಟ್ಟು ಹೋಗಬೇಡಿ. ಮನೆ ಅಲುಗಿ ಗ್ಯಾಸ್ ಪೈಪು ಸಡಿಲಾದರೆ ಆ ಒಂದು ಕುಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಮೇನ್ ಸ್ವಿಚ್ ಇಳಿಸಿ, ಕೊನೆಗೆ ಒಂದು ಹೂವಿನಿಂದ ದೀಪವನ್ನು ಶಾಂತಗೊಳಿಸಿ, ಪ್ರಾರ್ಥನೆ ಮಾಡಿ ಹೊರಡಿ. ಹಿಂದಿರುಗಿದಾಗ ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಕಡ್ಡಿ ಗೀರಬೇಡಿ. ಮನೆಗೆ ಬಂದೊಡನೆ ದೀಪ ಹಚ್ಚುವುದು ನಮ್ಮ ಹೆಂಗಸರ ಮೊದಲ ಕೆಲಸವಾಗಿರುವುದರಿಂದ ಈ ಎಚ್ಚರ ಅವರಿಗೂ ಗೊತ್ತಿರಲಿ.

ದನಗಳ ವಿಷಯದಲ್ಲಿ ತಮಗೆ ಅನ್ನಿಸಿದ್ದು ಸರಿ. ಸಮಯವಿದ್ದರೆ ಎತ್ತರದ, ಧರೆಯಿಲ್ಲದ ಜಾಗಕ್ಕೆ ಹೊಡೆದುಕೊಂಡು ಹೋಗಿ. ಸಮಯವಿಲ್ಲದಿದ್ದರೆ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಡಿ. ಗಾಯಗೊಂಡ ಪ್ರಾಣಿಗಳಿಗೆ 1962ಕ್ಕೆ ಕರೆ ಮಾಡಬಹುದು. ಮನುಷ್ಯರಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ಸಹಾಯವಾಣಿಗೆ 1077, ತಂತಿ ಹರಿದು ಬಿದ್ದಿದ್ದರೆ 1912. ಇವನ್ನು ಮೊಬೈಲಿನಲ್ಲಷ್ಟೇ ಅಲ್ಲದೆ ಪಂಚಾಂಗ ನೇತುಹಾಕುವ ಮೊಳೆಯ ಪಕ್ಕದಲ್ಲಿ ಬರೆದು ಅಂಟಿಸಿ.

ಪ್ರಶ್ನೆ (ಕಾಫಿ ಬೆಳೆಗಾರರು, ಚಿಕ್ಕಮಗಳೂರು ತಾಲ್ಲೂಕು):

ನಮ್ಮದು ಮುಸ್ಲಿಂ ಕುಟುಂಬ. ಕಾಳಜಿ ಕೇಂದ್ರದಲ್ಲಿ ನೀರು ಕಡಿಮೆಯಿದ್ದಾಗ ವುಜೂ, ಅಂದರೆ ನಮಾಜಿಗೆ ಮುಂಚಿನ ಅಂಗಶುದ್ಧಿ, ಹೇಗೆ ಎಂಬ ಪ್ರಶ್ನೆ ನಮ್ಮ ತಾಯಿಯದು.

ಉತ್ತರ:

ಅಣ್ಣ, ನೀರು ಸಿಗದಾಗ ಶುದ್ಧವಾದ ಮಣ್ಣಿನಿಂದ ತಯಮ್ಮುಮ್ ಮಾಡುವ ಅವಕಾಶವನ್ನು ಕುರಾನಿನ ಐದನೆಯ ಅಧ್ಯಾಯದ ಆರನೆಯ ವಚನವೇ ಕೊಟ್ಟಿದೆ. ವಿವರವನ್ನು ಮಸೀದಿಯ ಇಮಾಮರಿಂದ ಈಗಲೇ ತಿಳಿದುಕೊಂಡಿದ್ದರೆ ತಾಯಿಯವರಿಗೆ ಆಗ ಸಂಶಯ ಬರುವುದಿಲ್ಲ. ಕುಡಿಯುವ ನೀರನ್ನು ಮಾತ್ರ ಬೇರೆ ಕ್ಯಾನಿನಲ್ಲಿಟ್ಟು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಪ್ರಶ್ನೆ (ಗೃಹಸ್ಥರು, ಕೊಪ್ಪ ತಾಲ್ಲೂಕು):

ಕೇಳಲು ಕಷ್ಟವಾಗುತ್ತದೆ. ರಸ್ತೆ ಮುಚ್ಚಿರುವಾಗಲೇ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಏನು ಮಾಡಬೇಕು? ಪುರೋಹಿತರು ಹೊಳೆಯ ಆಚೆ ಇದ್ದಾರೆ.

ಉತ್ತರ:

ಇದನ್ನು ಕೇಳಿದ್ದು ಒಳ್ಳೆಯದಾಯಿತು. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮೇ ತಿಂಗಳಲ್ಲೇ ಒಣ ಸೌದೆಯನ್ನು ಮಳೆ ತಾಗದ ಕಡೆ ಪ್ರತ್ಯೇಕವಾಗಿ ಒಟ್ಟಿಡಿ, ಮೇಲೆ ಶೀಟು ಮುಚ್ಚಿ. ಯಾರಿಗೂ ಹೇಳಬೇಕಾಗಿಲ್ಲ, ಬಚ್ಚಲ ಒಲೆಯ ಸೌದೆಯ ಜೊತೆಗೇ ಅದು ಇರಬಹುದು. ಸಾವು ಸಂಭವಿಸಿದರೆ ಮೊದಲು ಪಂಚಾಯಿತಿಗೆ ಫೋನಿನಲ್ಲಿ ತಿಳಿಸಿ, ಅಕ್ಕಪಕ್ಕದ ಇಬ್ಬರನ್ನಾದರೂ ಕರೆದು ಸಮಯವನ್ನು ಬರೆದಿಟ್ಟುಕೊಳ್ಳಿ; 21 ದಿನಗಳೊಳಗೆ ತಿಳಿಸಿದರೆ ಮರಣ ನೋಂದಣಿಗೆ ಶುಲ್ಕವಿಲ್ಲ. ಅಸಹಜ ಸಾವಾಗಿದ್ದರೆ, ಗುಡ್ಡ ಕುಸಿದೋ ನೀರಿಗೆ ಸಿಕ್ಕೋ ಹೋಗಿದ್ದರೆ, ಪೊಲೀಸರಿಗೆ ತಿಳಿಸದೆ ಸಂಸ್ಕಾರ ಮಾಡಬೇಡಿ. ಪರಿಹಾರದ ಅರ್ಜಿಗೂ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ.

ಮಂತ್ರಭಾಗಕ್ಕೆ ಬಂದರೆ, ಪುರೋಹಿತರು ತಲುಪಲಾಗದಿದ್ದಾಗ ಕರ್ತೃ, ಅಂದರೆ ಸಂಸ್ಕಾರ ಮಾಡುವವನು, ತಾನೇ ಕನಿಷ್ಠ ಏನು ಮಾಡಬೇಕು, ಉಳಿದದ್ದನ್ನು ಯಾವಾಗ ಪೂರೈಸಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡುವಂತೆ ಅವರನ್ನೇ ಈಗ ಕೇಳಿ. ನೆಟ್‌ವರ್ಕ್ ಇದ್ದರೆ ಫೋನಿನಲ್ಲೇ ಹೇಳಿಸುವವರೂ ಇದ್ದಾರೆ, ಆದರೆ ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಟವರು ಕೆಲಸ ಮಾಡುತ್ತದೆ ಎಂದು ನಂಬಿ ಕೂರುವಂತಿಲ್ಲ. ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವುದುಂಟು. ಬೆಂಗಳೂರಿನಲ್ಲೋ ಹಾಸನದಲ್ಲೋ ಇರುವ ಒಬ್ಬ ನೆಂಟರನ್ನು ಗೊತ್ತುಮಾಡಿ, ಮನೆಯವರೆಲ್ಲ ಅವರಿಗೇ ಸುದ್ದಿ ಕಳುಹಿಸುವಂತೆ ಮಾಡಿದರೆ ಪುರೋಹಿತರಿಗೂ ಬಂಧುಗಳಿಗೂ ಅವರೇ ತಿಳಿಸಬಲ್ಲರು.

ಪ್ರಶ್ನೆ (ಮೊದಲಿನ ಗೃಹಿಣಿ):

ಮಾವನವರಿಗೆ ಇದನ್ನೆಲ್ಲ ಓದಿ ಹೇಳಿದೆ. ಸಂಪುಟವನ್ನು ತಾವೇ ಸಿದ್ಧಪಡಿಸುವುದಾಗಿ ಒಪ್ಪಿದ್ದಾರೆ. ಆದರೆ ಹೊರಡುವ ತೀರ್ಮಾನವೂ ತಮ್ಮದೇ ಆಗಬೇಕಂತೆ.

ಉತ್ತರ:

ಅದನ್ನು ಮಾತ್ರ ಒಪ್ಪಬೇಡಿ ತಾಯಿ. ಪೂಜೆಯ ನಡುವೆ ಬಿರುಕು ಕಂಡರೆ ಅವರು ಮಂಗಳಾರತಿಯವರೆಗೆ ಕಾಯಿರಿ ಎನ್ನುತ್ತಾರೆ. ಹೊರಡುವ ಮಾತು ನಿಮ್ಮ ಯಜಮಾನರದ್ದೋ ನಿಮ್ಮದೋ ಆಗಲಿ, ಸಂಪುಟ ಎತ್ತುವುದು ಮಾವನವರ ಅಪ್ಪಣೆಯಿಂದಾಗಲಿ. ಪುರೋಹಿತರನ್ನು ಒಂದು ದಿನ ಮನೆಗೆ ಕರೆಸಿ, ಅವರ ಮುಂದೆಯೇ ಈ ಒಪ್ಪಂದವಾಗಲಿ. ಆಮೇಲೆ ಮಳೆಯಿಲ್ಲದ ಒಂದು ಸಂಜೆ ಎಲ್ಲರೂ ಚೀಲ ಹಿಡಿದು ಟಾರ್ ರಸ್ತೆಯವರೆಗೆ ನಡೆದು ನೋಡಿ; ಮಾವನವರಿಗೆ ಎಷ್ಟು ನಿಮಿಷ ಬೇಕಾಯಿತೆಂದು ಗುರುತು ಹಾಕಿಕೊಂಡು, ಕತ್ತಲೆಗೂ ಮಳೆಗೂ ಸೇರಿಸಿ ಅದರ ಎರಡರಷ್ಟು ಸಮಯ ಬೇಕೆಂದು ಲೆಕ್ಕವಿಟ್ಟುಕೊಳ್ಳಿ.